ಬಿಸಿಯ ಲೆಕ್ಕ

ಮಾರ್ಚ್ ೩, ಸೋಮವಾರ

ನರ್ಸಮ್ಮನಿಗೆ ಬಿಸಿಯ ವಿಷಯ ಹೇಳಿದೆ. ಹೊಡೆದ ವಿಷಯ ಹೇಳಲಿಲ್ಲ.

ಹೊಟ್ಟೆಯೊಳಗಿಂದ ಎದ್ದು ಎದೆ, ಕುತ್ತಿಗೆ, ಕಿವಿಯ ತುದಿವರೆಗೂ ಏರುತ್ತದೆ ಎಂದೆ. ಎರಡು ಮೂರು ನಿಮಿಷ ಇರುತ್ತದೆ, ಆಮೇಲೆ ಬೆವರು ಧಾರಾಕಾರ, ಆಮೇಲೆ ಚಳಿ. ಆಕೆ ಕೇಳಿದ್ದು ಮುಟ್ಟು ನಿಂತು ಎಷ್ಟು ತಿಂಗಳಾಯಿತು ಎಂದು. ಏಳು ಎಂದೆ.

"ನಲವತ್ತೊಂಬತ್ತು ವಯಸ್ಸು ಅಂತೀರಿ. ಇದು ಕಾಯಿಲೆ ಅಲ್ಲಮ್ಮ, ಮುಟ್ಟು ನಿಲ್ಲೋ ಕಾಲ. ಮೊದ್ಲು ನಾನು ಹೇಳಿದ್ದು ಮಾಡಿ ನೋಡಿ. ಆಗ್ಲಿಲ್ಲ ಅಂದ್ರೆ ಡಾಕ್ಟರ ಹತ್ರ ಮಾತ್ರೆ ವಿಷ್ಯ ಮಾತಾಡೋಣ."

ಅಗಸೆ ಬೀಜ, ಸೋಯಾ ಕಾಳು. ಟೀ ಎರಡೇ ಲೋಟ, ಖಾರ ಕಡಿಮೆ. ಹತ್ತಿ ಬಟ್ಟೆ. ದಿನಾ ನಲವತ್ತು ನಿಮಿಷ ನಡಿಗೆ. ಬಿಸಿ ಏರುವಾಗ ನಾಲ್ಕು ಎಣಿಸುತ್ತಾ ಉಸಿರು ಒಳಗೆ, ಆರು ಎಣಿಸುತ್ತಾ ಹೊರಗೆ. ಕತ್ತಿನ ಹಿಂದೆ ಒದ್ದೆ ಬಟ್ಟೆ. ಒಂದು ರಟ್ಟಿನ ಕಾರ್ಡು ಕೊಟ್ಟು, ದಿನಕ್ಕೆ ಎಷ್ಟು ಸಲ ಬಿಸಿ ಬಂತೆಂದು ಬರೆದು ತನ್ನಿ ಎಂದಳು.

"ಕೋಪ ಬರುತ್ತಾ?" ಎಂದೂ ಕೇಳಿದಳು. ಬರುತ್ತೆ ಎಂದೆ. "ಎಲ್ರಿಗೂ ಬರುತ್ತೆ ಬಿಡಿ" ಎಂದು ನಕ್ಕಳು. ಆ ನಗುವಿಗೆ ನನ್ನ ಜೀವ ಹಗುರಾಯಿತು. ಓ, ಇದು ಎಲ್ಲರದ್ದೂ. ಇದು ನಾನಲ್ಲ, ಮೈ.

ನಿನ್ನೆ ಆದದ್ದು ಇಷ್ಟು. ಒದ್ದೆ ಟವೆಲ್ಲನ್ನು ಹಾಸಿಗೆ ಮೇಲೆ ಎಸೆದಿದ್ದಳು ಮಗಳು. ಎತ್ತು ಎಂದೆ. "ಮತ್ತೆ ಶುರುವಾಯ್ತು" ಎಂದು ಗೊಣಗಿದಳು. ಬಿಸಿ ಕಿವಿಗೆ ಬಂದಿತ್ತು. ಹಿಂಗೈಯಲ್ಲಿ ಬಾರಿಸಿದೆ. ತುಟಿ ಹಲ್ಲಿಗೆ ಸಿಕ್ಕಿ ಒಡೆಯಿತು. ಬಿಳಿ ಅಂಗಿಯ ಕಾಲರಿನ ಮೇಲೆ ಮೂರು ಹನಿ ರಕ್ತ. ನಾನು ಮಾಂಸದ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಎಲುಬು ಕಡಿಯುವವಳು, ದಿನದ ರಕ್ತವೆಲ್ಲ ಪೈಪಿನ ನೀರಿಗೆ ಹೋಗುತ್ತದೆ. ಆ ಮೂರು ಹನಿ ಮಾತ್ರ ಉಪ್ಪು ತಿಕ್ಕಿದರೂ ಹೋಗಲಿಲ್ಲ.

ಅವಳಿಗೆ ಹದಿಮೂರು. ಅವಳಪ್ಪ ತೀರಿಕೊಂಡು ಆರು ವರ್ಷ. ನಾನು ಬಿಟ್ಟರೆ ಅವಳಿಗಿರುವುದು ಎಂಬತ್ತನಾಲ್ಕರ ಅಜ್ಜಿ, ಅಂದರೆ ನನ್ನ ಅಮ್ಮ. ನನ್ನಮ್ಮ ನನ್ನನ್ನು ಹೊಡೆದ ಹಾಗೆ ನಾನು ಇವಳನ್ನು ಹೊಡೆಯುವುದಿಲ್ಲ ಎಂದು ಹೆರಿಗೆ ಮಂಚದ ಮೇಲೇ ಹೇಳಿಕೊಂಡವಳು ನಾನು. ಜನವರಿಯಿಂದ ನಾಲ್ಕು ಸಲ ಹೊಡೆದಿದ್ದೇನೆ.

ಕಾರ್ಡು ನರ್ಸಮ್ಮನಿಗೆ. ಈ ಪುಸ್ತಕ ನನಗೆ. ಬಿಸಿ ಇಳಿದರೆ ಕೈ ಇಳಿಯುತ್ತದೆ. ಇನ್ನು ಮೇಲೆ ನನ್ನ ಕೈಗೆ ಆ ಮಗು ಸಿಗಬಾರದು, ಬೇರೇನೂ ಬೇಡ ನನಗೆ.

ಬಿಸಿ: ಒಂಬತ್ತು ಸಲ.

ಮಾರ್ಚ್ ೪, ಮಂಗಳವಾರ

ಅಗಸೆ ಬೀಜ ಪುಡಿ ಮಾಡಿ ಮೊಸರಿಗೆ ಕಲಸಿ ತಿಂದೆ. ಗೋಡೆಗೆ ಅಂಟಿಸುವ ಗೋಂದಿನ ಹಾಗಿದೆ. ಅಮ್ಮ ಬಟ್ಟಲಿಗೆ ಇಣುಕಿ, "ಹಕ್ಕಿಗೆ ಹಾಕೋದನ್ನ ತಿಂತಿದೀಯಲ್ಲೇ" ಎಂದಳು. ಬಟ್ಟಲನ್ನು ಅವಳ ತಲೆಗೆ ಕವುಚಬೇಕು ಎನಿಸಿತು. ಕವುಚಲಿಲ್ಲ. ನಾಲ್ಕು ಒಳಗೆ, ಆರು ಹೊರಗೆ.

ಬಿಸಿ: ಒಂಬತ್ತು.

ಮಾರ್ಚ್ ೮, ಶನಿವಾರ

ಇವತ್ತು ಉದ್ದಣ್ಣನ ಬೆರಳು ತೆಗೆದೇಬಿಡುತ್ತಿದ್ದೆ.

ನಮ್ಮ ಅಂಗಡಿಯಲ್ಲಿ ಒಂದೇ ಕೊರಡಿನ ಮೇಲೆ ಇಬ್ಬರು ಕೆಲಸ ಮಾಡುತ್ತೇವೆ. ಉದ್ದಣ್ಣ ಕುರಿಯ ಪಕ್ಕೆ ಹಿಡಿದು ತಿರುಗಿಸುತ್ತಾನೆ, ನಾನು ಮಚ್ಚು ಬೀಸುತ್ತೇನೆ. ನಿಯಮ ಒಂದೇ. ಬೀಸುವ ಮುಂಚೆ ಮಚ್ಚಿನ ಬೆನ್ನಿನಿಂದ ಕೊರಡನ್ನು ಎರಡು ಸಲ ತಟ್ಟಬೇಕು. ಟಕ್ ಟಕ್. ಕೇಳಿದ ಕೂಡಲೇ ಹಿಡಿದವನು ಕೈ ತೆಗೆಯುತ್ತಾನೆ. ಮಾತಿಲ್ಲ, ಕಣ್ಣಿಲ್ಲ, ಬರೀ ಟಕ್ ಟಕ್. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲ.

ಹನ್ನೊಂದು ಗಂಟೆಗೆ ಬಿಸಿ ಬಂತು. ರಬ್ಬರಿನ ಏಪ್ರನ್ ಒಳಗೆ ಬೆಂದುಹೋದೆ. ಸಾಲು ಅಂಗಡಿಯ ಹೊರಗೂ ನಿಂತಿತ್ತು, ಒಬ್ಬಾಕೆ "ಬೇಗ ಬೇಗ" ಎಂದಳು. ಆ ಎರಡನೇ ಬೇಗಕ್ಕೆ ನನ್ನ ಕಣ್ಣು ಕತ್ತಲಾಯಿತು. ತಟ್ಟಲಿಲ್ಲ. ಬೀಸಿದೆ. ಉದ್ದಣ್ಣನ ಗ್ಲೌಸಿನ ತುದಿ, ಒಳಗಿನ ಉಗುರಿನ ಚೂರು, ಎರಡೂ ಹಾರಿ ತಕ್ಕಡಿಯ ಮೇಲೆ ಬಿದ್ದವು. ರಕ್ತ ಚಿಮ್ಮಿ ಆಕೆಯ ಪರ್ಸಿಗೂ ತಗುಲಿತು. ಆಕೆ ಕಿರುಚಿದಳು. ಉದ್ದಣ್ಣ ಕಿರುಚಲಿಲ್ಲ. ಹೆಬ್ಬೆರಳನ್ನು ಬಾಯಲ್ಲಿಟ್ಟುಕೊಂಡು ನನ್ನನ್ನೇ ನೋಡಿದ.

"ತಾಯೀ, ನೀನು ತಟ್ಟಲಿಲ್ಲ" ಎಂದ. ಅಷ್ಟೇ.

ಮಾಲೀಕರು ನನ್ನ ಕೈಯಿಂದ ಮಚ್ಚು ಇಸಿದುಕೊಂಡು, "ಮೂರು ವಾರ ಪ್ಯಾಕಿಂಗು. ಮೈ ಸರಿ ಮಾಡ್ಕೊಂಡು ಬಾ" ಎಂದರು. ನಾನು ಕೋಲ್ಡ್ ರೂಮಿಗೆ ಹೋಗಿ ಬಾಗಿಲೆಳೆದುಕೊಂಡೆ. ನೇತುಹಾಕಿದ ಕುರಿಗಳ ನಡುವೆ ಏಪ್ರನ್ ಬಿಚ್ಚಿ ನಿಂತೆ. ಹಾಯೆನಿಸಿತು. ನರ್ಸಮ್ಮನ ಪಟ್ಟಿಯಲ್ಲಿ ಇಲ್ಲದ ಔಷಧ ಇದು.

ಬಿಸಿ: ಎಂಟು.

ಮಾರ್ಚ್ ೧೧, ಮಂಗಳವಾರ

ಪ್ಯಾಕಿಂಗು ಮಾಡುತ್ತಾ ಮಾಡುತ್ತಾ ಹೊಳೆಯಿತು. ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಯಾರ ಕೈಯನ್ನೂ ಕಡಿಯದೆ ಉಳಿಸಿದ್ದು ಟಕ್ ಟಕ್. ಅದನ್ನು ಮನೆಗೇಕೆ ತರಬಾರದು? ಇಷ್ಟು ದಿನ ಹೊಳೆಯಲಿಲ್ಲವಲ್ಲ, ನನ್ನ ತಲೆಗೆ ಏನು ಬಡಿದಿತ್ತೋ.

ಸಂಜೆ ಮಗಳನ್ನು ಊಟದ ಮೇಜಿನ ಹತ್ತಿರ ಕೂರಿಸಿ ಹೇಳಿದೆ. "ನೋಡು ಪುಟ್ಟಿ, ಅಮ್ಮನಿಗೆ ಬಿಸಿ ಏರಿದಾಗ ಎರಡು ಸಲ ತಟ್ತೀನಿ. ಮೇಜೋ ಬಾಗಿಲೋ ಯಾವ್ದಾದ್ರೂ ಸರಿ. ಕೇಳಿದ ತಕ್ಷಣ ನೀನು ನನ್ನ ಕೈಗೆ ಸಿಗದಷ್ಟು ದೂರ ಹೋಗ್ಬೇಕು. ಯಾಕೆ ಏನು ಕೇಳಬಾರದು. ಆಮೇಲೆ ನಾನೇ ಕರೀತೀನಿ."

"ಎಷ್ಟು ದೂರ?"

"ಮಚ್ಚು ಹಿಡಿದ ಕೈ ಎಷ್ಟು ದೂರ ಬರುತ್ತೋ ಅದಕ್ಕಿಂತ ಒಂದು ಹೆಜ್ಜೆ ಜಾಸ್ತಿ." ತಮಾಷೆಗೆ ಹೇಳಿದೆ. ಅವಳು ನಗಲಿಲ್ಲ, ಮೇಜಿನಿಂದ ಬಚ್ಚಲ ಬಾಗಿಲಿಗೆ ಎಷ್ಟು ಹೆಜ್ಜೆ ಎಂದು ನಡೆದು ನೋಡಿದಳು. ಜಾಣೆ.

ಬಿಸಿ: ಏಳು.

ಮಾರ್ಚ್ ೧೭, ಸೋಮವಾರ

ಆರು ದಿನ, ಒಂದೇಟೂ ಇಲ್ಲ! ತಟ್ಟಿದ್ದು ಹನ್ನೊಂದು ಸಲ. ಹನ್ನೊಂದು ಸಲವೂ ಅವಳು ಗುಂಡಿನ ಹಾಗೆ ಓಡಿದ್ದಾಳೆ. ಓಡಿದ ಮೇಲೆ ನಾನು ಏನು ಬೇಕಾದರೂ ಮಾಡಬಹುದು. ಶುಕ್ರವಾರ ಕುರ್ಚಿಯನ್ನು ಗೋಡೆಗೆ ಬಡಿದು ಕಾಲು ಮುರಿದೆ. ನಿನ್ನೆ ಅಲಮಾರಿಯ ಬಾಗಿಲಿಗೆ ಒದ್ದು ತೂತು ಮಾಡಿದೆ. ಮಗಳ ಮೈಗೆ ಒಂದು ಗೀರೂ ಇಲ್ಲ.

ಸೋಯಾ ಬೇಯಿಸಿ ತಿನ್ನುತ್ತಿದ್ದೇನೆ, ಟೀ ಬಿಟ್ಟೇ ಬಿಟ್ಟೆ, ಕೆಲಸದಿಂದ ನಡೆದೇ ಬರುತ್ತೇನೆ. ಕತ್ತಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ನಡೆಯುವಾಗ ಕಂಡವರೆಲ್ಲ ತಿರುಗಿ ನೋಡುತ್ತಾರೆ. ನೋಡಲಿ, ಅವರ ಅಪ್ಪನ ಗಂಟೇನು ಹೋಯಿತು.

ಬಿಸಿ: ಆರು.

ಮಾರ್ಚ್ ೨೧, ಶುಕ್ರವಾರ

ನಗು ಬರುವ ಸಂಗತಿ. ಸಂಜೆ ಪಕ್ಕದ ಮನೆಯಾಕೆ ಇಸ್ತ್ರಿ ಪೆಟ್ಟಿಗೆ ವಾಪಸು ಕೊಡಲು ಬಂದು ಬಾಗಿಲು ತಟ್ಟಿದಳು, ಎರಡು ಸಲ. ಓದುತ್ತಾ ಕೂತಿದ್ದ ಮಗಳು ಪುಸ್ತಕ ಎಸೆದು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ನಾನು ಬಿದ್ದು ಬಿದ್ದು ನಕ್ಕೆ. "ಬಾರೇ ಹೊರಗೆ, ನಾನಲ್ಲ ತಟ್ಟಿದ್ದು" ಎಂದರೂ ಬರಲು ಹತ್ತು ನಿಮಿಷ ಮಾಡಿದಳು.

ಅಮ್ಮ ನಗಲಿಲ್ಲ. ಅವಳಿಗೆ ತಮಾಷೆ ಅರ್ಥವಾದದ್ದು ಯಾವಾಗ.

ಬಿಸಿ: ಐದು.

ಮಾರ್ಚ್ ೨೯, ಶನಿವಾರ

ಕೊರಡಿಗೆ ವಾಪಸಾದೆ. ಉದ್ದಣ್ಣನ ಹೆಬ್ಬೆರಳಿಗೆ ಇನ್ನೂ ಪಟ್ಟಿ ಇದೆ. "ತಟ್ತೀಯಾ ತಾಯೀ?" ಎಂದ. "ಮೂರು ಸಲ ತಟ್ಟಲಾ?" ಎಂದೆ. ನಕ್ಕ, ಆದರೆ ಪಕ್ಕೆಯನ್ನು ತುದಿಯಲ್ಲಿ ಮಾತ್ರ ಹಿಡಿದ.

ಮಾಲೀಕರ ಬಾಯಿಗೆ ಬೀಗ ಇಲ್ಲ. ನನಗೆ "ಬಿಸಿಯಮ್ಮ" ಎಂದು ಹೆಸರಿಟ್ಟಿದ್ದಾರೆ. ಬಂದ ಗಿರಾಕಿಗಳ ಮುಂದೆ, "ದೂರ ನಿಲ್ಲಿ, ನಮ್ಮ ಬಿಸಿಯಮ್ಮ ಕಡಿತಾಳೆ" ಎನ್ನುತ್ತಾರೆ. ಮಧ್ಯಾಹ್ನ ಹೀಗೆ ಅನ್ನುವಾಗ ನನ್ನ ಪಕ್ಕದಲ್ಲೇ, ಮೊಣಕೈ ತಗುಲುವಷ್ಟು ಹತ್ತಿರ ನಿಂತಿದ್ದರು. ಬಿಸಿ ಕಿವಿವರೆಗೂ ಬಂದಿತ್ತು. ಕೈಯಲ್ಲಿ ಮಚ್ಚಿತ್ತು. ಆ ದಪ್ಪ ಕುತ್ತಿಗೆ ನನ್ನ ಎದುರಿಗೇ ಇತ್ತು, ಎಲ್ಲಿ ಕಡಿದರೆ ಎಷ್ಟು ಸುಲಭ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ನಾನು "ಆಯ್ತು ಸಾರ್" ಎಂದು ಹಲ್ಲು ಕಿರಿದು ಕುರಿಯ ಬೆನ್ನೆಲುಬು ಕಡಿದೆ. ಅವರ ಮೇಲೆ ಕೈ ಎತ್ತುವ ಮಾತೇ ಇಲ್ಲ. ಕೆಲಸ ಹೋದರೆ ಮೂರು ಹೊಟ್ಟೆ.

ಮನೆಗೆ ಬಂದು ಐದು ಸಲ ತಟ್ಟಿದೆ.

ನರ್ಸಮ್ಮ ಕಾರ್ಡು ನೋಡಿ ಖುಷಿಪಟ್ಟಳು. ನಿಮ್ಮಷ್ಟು ಶ್ರದ್ಧೆಯಿಂದ ಮಾಡಿದವರನ್ನು ಕಂಡಿಲ್ಲ ಎಂದಳು.

ಬಿಸಿ: ನಾಲ್ಕು.

ಏಪ್ರಿಲ್ ೭, ಸೋಮವಾರ

ಅಮ್ಮನಿಗೆ ಸ್ನಾನ ಮಾಡಿಸುವಾಗ ಕೇಳಿಬಿಟ್ಟೆ, ನಿನಗೆ ಹೇಗಿತ್ತು ಈ ಕಾಲದಲ್ಲಿ ಎಂದು. ಬೆನ್ನು ತಿಕ್ಕಿಸಿಕೊಳ್ಳುತ್ತಲೇ ಹೇಳಿದಳು.

"ಉರಿ. ಮೈ ತುಂಬ ಉರಿ. ಇದಕ್ಕೊಂದು ಹೆಸರಿದೆ ಅಂತ್ಲೇ ಗೊತ್ತಿರ್ಲಿಲ್ಲ. ತಲೆ ಕೆಟ್ಟುಹೋಯ್ತು ಅಂದ್ಕೊಂಡಿದ್ದೆ. ಯಾರಿಗೆ ಹೇಳ್ಕೊಳ್ಳಲಿ?"

ಲೆಕ್ಕ ಹಾಕಿದೆ. ಅವಳಿಗೆ ಐವತ್ತರ ಆಸುಪಾಸು, ನನಗೆ ಹದಿನಾಲ್ಕು. ಅಕ್ಕ ಮದುವೆಯಾಗಿ ಹೋಗಿದ್ದಳು, ಕೈಗೆ ಸಿಗುತ್ತಿದ್ದವಳು ನಾನೊಬ್ಬಳೇ. ಸೌದೆ ಕೊಳ್ಳಿ, ನೀರಿನ ಚೊಂಬು, ಬಾಗಿಲ ಅಗುಳಿ, ಏನು ಸಿಕ್ಕರೆ ಅದು. ಅಗುಳಿಯ ಏಟಿಗೆ ನನ್ನ ಎಡ ಮುಂಗೈ ಮುರಿದದ್ದು ಆಗಲೇ. ಈಗಲೂ ಅದು ಪೂರ್ತಿ ತಿರುಗುವುದಿಲ್ಲ. ಮೂವತ್ತೈದು ವರ್ಷ ಈ ಹೆಂಗಸನ್ನು ಹೊಟ್ಟೆಯಲ್ಲಿ ಶಪಿಸುತ್ತಾ ಬಂದಿದ್ದೇನೆ, ಬಟ್ಟೆ ಒಗೆಯುತ್ತಾ, ಮಾತ್ರೆ ಕೊಡುತ್ತಾ, ಬೆನ್ನು ತಿಕ್ಕುತ್ತಾ. ಪಾಪ, ಬಿಸಿಯಂತೆ. ಅಗಸೆ ಬೀಜ ತಿಂದಿದ್ದರೆ ನನ್ನ ಕೈ ಉಳಿಯುತ್ತಿತ್ತೇನೋ.

ತಲೆ ಮೇಲೆ ನೀರು ಸುರಿದೆ. ಸ್ವಲ್ಪ ಜಾಸ್ತಿಯೇ ಬಿಸಿಯಿತ್ತು. ಅವಳು ಕಣ್ಣು ಮುಚ್ಚಿಕೊಂಡಳು.

ಬಿಸಿ: ಎರಡು.

ಏಪ್ರಿಲ್ ೧೧, ಶುಕ್ರವಾರ

ಬಿಸಿ: ಸೊನ್ನೆ.

ಬರೆಯಲು ಆಗುತ್ತಿಲ್ಲ.

ಏಪ್ರಿಲ್ ೧೩, ಭಾನುವಾರ

ಬರೆಯುತ್ತೇನೆ. ಬರೆಯದಿದ್ದರೆ ನಾಳೆ ಇದನ್ನು ಬೇರೆ ಥರ ಹೇಳಲು ಶುರುಮಾಡುತ್ತೇನೆ, ನನಗೆ ನನ್ನ ಪರಿಚಯವಿದೆ.

ಶುಕ್ರವಾರ ಮೂರು ಗಂಟೆಗೆ ಶಾಲೆಯಿಂದ ಫೋನು. ಲೆಕ್ಕದ ಟೀಚರ್. ಅಂಗಡಿಯ ಫೋನಿಗೇ ಮಾಡಿದ್ದರು, ಮಾಲೀಕರು ಎತ್ತಿ ನನಗೆ ಕೊಟ್ಟು ಪಕ್ಕದಲ್ಲೇ ನಿಂತರು.

"ಕ್ಲಾಸಲ್ಲಿ ಗಲಾಟೆ ಇತ್ತು, ಡಸ್ಟರಿಂದ ಮೇಜಿಗೆ ಎರಡು ಸಲ ಬಡಿದೆ. ನಿಮ್ಮ ಮಗಳು ಬೆಂಚಿನ ಕೆಳಗೆ ನುಗ್ಗಿ ತಲೆ ಮೇಲೆ ಕೈ ಇಟ್ಕೊಂಡು ಕೂತ್ಬಿಟ್ಳು. ಹುಡುಗರೆಲ್ಲ ನಕ್ಕರು. ಮನೇಲಿ ಯಾರಾದ್ರೂ ಹೊಡೀತಾರಾ ಅಂತ ಒಬ್ಬಳನ್ನೇ ಕರೆದು ಕೇಳಿದೆ. 'ಇಲ್ಲ ಮಿಸ್, ಅಮ್ಮ ಮೊದ್ಲು ತಟ್ತಾಳೆ' ಅಂದ್ಲು. ಏನಮ್ಮ ಹಾಗಂದ್ರೆ?"

ಏನೋ ಹೇಳಿ ಇಟ್ಟೆ. ಮಾಲೀಕರು ಹುಬ್ಬೇರಿಸಿ, "ಮನೇಲೂ ಬಿಸಿನಾ?" ಎಂದರು. ಉದ್ದಣ್ಣ ತಲೆ ಬಗ್ಗಿಸಿಕೊಂಡು ಕೊರಡು ಉಜ್ಜುತ್ತಿದ್ದ.

ನಡೆದುಕೊಂಡು ಮನೆಗೆ ಬಂದೆ. ನಲವತ್ತು ನಿಮಿಷ. ಬೆವರಿಲ್ಲ, ಉರಿಯಿಲ್ಲ. ಮೈ ತಣ್ಣಗಿತ್ತು, ಕೋಲ್ಡ್ ರೂಮಿನಿಂದ ಆಗಷ್ಟೇ ಹೊರಬಂದ ಹಾಗೆ. ದಾರಿಯುದ್ದಕ್ಕೂ ಒಂದೇ ಯೋಚನೆ, ಮಾನ ತೆಗೆದಳು, ಮಾನ ತೆಗೆದಳು. ಅವಳ ತುಟಿ, ಅವಳ ಭಯ, ಬೆಂಚಿನ ಕೆಳಗೆ ಕೂತದ್ದು ಒಂದೂ ನನ್ನ ತಲೆಗೆ ಬರಲಿಲ್ಲ.

ಮಗಳು ಮೇಜಿನ ಹತ್ತಿರ ಪೆನ್ಸಿಲ್ ಕೆತ್ತುತ್ತಿದ್ದಳು. ನಾನು ಚೀಲದಿಂದ ಚಾಕು ಮಸೆಯುವ ಉಕ್ಕಿನ ಕೋಲು ತೆಗೆದೆ. ಅಂಗಡಿಯವರೆಲ್ಲ ನಮ್ಮ ನಮ್ಮ ಕೋಲು ಮನೆಗೆ ತರುತ್ತೇವೆ. ತೂಕದ್ದು, ಮುಂಗೈಯಷ್ಟು ಉದ್ದ. ತಟ್ಟಲಿಲ್ಲ. ಯಾಕೆಂದರೆ ತಟ್ಟಿದರೆ ಅವಳು ಓಡುತ್ತಾಳೆ. ಹೌದು, ಇದನ್ನೂ ಬರೆಯಬೇಕು. ಅವಳು ಓಡಬಾರದು ಎಂದೇ ತಟ್ಟಲಿಲ್ಲ.

"ಏನಂತ ಹೇಳ್ದೆ ಟೀಚರಿಗೆ?"

ಅವಳು ತಲೆ ಎತ್ತಿದಳು. ನನ್ನ ಕೈ ಮೇಲಿತ್ತು. ಅಮ್ಮ ತನ್ನ ಕುರ್ಚಿಯಿಂದ ಯಾವಾಗ ಎದ್ದಳೋ, ಆ ಮಂಡಿಯಲ್ಲಿ ಹೇಗೆ ಎದ್ದಳೋ, ದೇವರೇ ಬಲ್ಲ. ಮೊಮ್ಮಗಳ ತಲೆಯ ಮೇಲೆ ತನ್ನ ಕೈ ಅಡ್ಡ ಹಿಡಿದಳು.

ಎಲುಬು ಮುರಿಯುವ ಸದ್ದು ನನಗೆ ಗೊತ್ತು. ದಿನಕ್ಕೆ ನೂರು ಸಲ ಕೇಳುತ್ತೇನೆ.

ಅಮ್ಮ ಕೂತುಬಿಟ್ಟಳು, ನೆಲದ ಮೇಲೆ, ಸೀರೆ ಸರಿಮಾಡಿಕೊಳ್ಳುತ್ತಾ ಕೂತ ಹಾಗೆ. ಮುಂಗೈ ಒಂದು ಕಡೆಗೆ ವಾಲಿತ್ತು. ಮಗಳು ಕಿರುಚಲಿಲ್ಲ. ಪೆನ್ಸಿಲ್ ಕೆತ್ತುವ ಬ್ಲೇಡನ್ನು ನನ್ನ ಕಡೆ ಹಿಡಿದು ನಿಂತಿದ್ದಳು. "ಅಜ್ಜಿನ ಮುಟ್ಬೇಡ" ಎಂದಳು. ನನಗೆ ಹೆದರಿಕೆಯಾಯಿತು, ಬ್ಲೇಡಿಗಲ್ಲ, ಆ ಮುಖಕ್ಕೆ. ಕೋಲು ಕೈಯಿಂದ ಜಾರಿತು.

ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದರು. ಅಮ್ಮ ನಾನು ಬಾಯಿ ತೆರೆಯುವ ಮುಂಚೆಯೇ, "ಬಚ್ಚಲಲ್ಲಿ ಜಾರಿದೆ ಸ್ವಾಮಿ" ಎಂದಳು. ನಾನು ಸುಮ್ಮನಿದ್ದೆ. ನಾಚಿಕೆಗೇಡಿ ನಾನು, ಸುಮ್ಮನೇ ಇದ್ದೆ.

ಏಪ್ರಿಲ್ ೧೪, ಸೋಮವಾರ

ರಜೆ ಹಾಕಿದೆ. ಅಮ್ಮನಿಗೆ ತುತ್ತು ಕೊಡಬೇಕು, ಬಲಗೈ ಪೂರ್ತಿ ಕಟ್ಟಿದ್ದಾರೆ. ಮೂರನೇ ತುತ್ತಿಗೆ ಕೇಳಿದೆ.

"ಯಾಕೆ ಸುಳ್ಳು ಹೇಳ್ದೆ?"

"ನೀನೂ ಅವತ್ತು ಹಾಗೇ ಹೇಳಿದ್ದೆ ಡಾಕ್ಟರಿಗೆ. ನಾನೇ ಹೇಳ್ಕೊಟ್ಟಿದ್ದು, ದಾರಿಯುದ್ದಕ್ಕೂ. ಜಾರಿದೆ ಅನ್ನು, ಜಾರಿದೆ ಅನ್ನು ಅಂತ."

"ನಿನಗೆ ಬಿಸಿ ಇತ್ತು. ಗೊತ್ತಾಗ್ಲಿಲ್ಲ ನಿನಗೆ" ಎಂದೆ. ಅವಳನ್ನು ಸಮಾಧಾನ ಮಾಡಲು ಹೇಳಿದೆನೋ, ನನ್ನನ್ನೋ.

ಅಮ್ಮ ಬಾಯಲ್ಲಿದ್ದದ್ದನ್ನು ನುಂಗಿದಳು. "ಉರಿ ಇತ್ತು, ಸುಳ್ಳಲ್ಲ. ಆದ್ರೆ ಅದೇ ಉರಿಯಲ್ಲಿ ಬಾಡಿಗೆ ಕೇಳೋಕೆ ಮನೆ ಯಜಮಾನಿ ಬಂದು ಬಾಯಿಗೆ ಬಂದಂಗೆ ಬೈದಾಗ ಕೈ ಕಟ್ಕೊಂಡು ನಿಂತಿರ್ತಿದ್ದೆ. ಆಕೆಗೆ ಒಂದಿನ ಹೊಡೆದೆನಾ? ನಿನಗೆ ಹೊಡೆದೆ. ನೀನು ಚಿಕ್ಕವಳು, ಎಲ್ಲಿಗೆ ಹೋಗ್ತೀಯ ಅಂತ ಹೊಡೆದೆ. ಉರಿ ಹೊಡೀಲಿಲ್ಲ ಕಣೇ. ನಾನು ಹೊಡೆದೆ."

ಆಮೇಲೆ, "ಹೊಡೀಬಾರದಿತ್ತು" ಎಂದಳು. ಮೂವತ್ತೈದು ವರ್ಷ ಕಾದಿದ್ದ ಮಾತು. ಬಂದಾಗ ಏನೂ ಅನಿಸಲಿಲ್ಲ, ಕೈಯಲ್ಲಿ ತುತ್ತು ಹಿಡಿದು ಕೂತಿದ್ದೆ. ಅವಳೇ ಬಾಯಿ ತೆರೆದಳು.

ಮಗಳು ಎರಡು ದಿನದಿಂದ ಅಜ್ಜಿಯ ಮಂಚದ ಕೆಳಗೆ ಹಾಸಿಕೊಂಡು ಮಲಗುತ್ತಿದ್ದಾಳೆ. ನನ್ನ ಜೊತೆ ಮಾತಿಲ್ಲ.

ಏಪ್ರಿಲ್ ೧೫, ಮಂಗಳವಾರ

ನರ್ಸಮ್ಮ ಕಾರ್ಡು ತಿರುಗಿಸಿ ನೋಡಿ ಕೈ ತಟ್ಟಿದಳು.

"ನೋಡಿ, ನೋಡಿ! ಹನ್ನೊಂದನೇ ತಾರೀಖು ಸೊನ್ನೆ. ಒಂಬತ್ತರಿಂದ ಸೊನ್ನೆಗೆ, ಒಂದು ಮಾತ್ರೆ ಇಲ್ದೆ. ಬೇರೆ ಹೆಂಗಸರಿಗೆ ತೋರಿಸ್ತೀನಿ ಇದನ್ನ." ಕೆಂಪು ಪೆನ್ನಿನಲ್ಲಿ ಸೊನ್ನೆಯ ಪಕ್ಕ ನಕ್ಷತ್ರ ಬರೆದಳು.

"ಅವತ್ತು ನಾನು ಮಗಳನ್ನ ಕಬ್ಬಿಣದಿಂದ ಹೊಡೆಯೋಕೆ ಹೋದೆ" ಎಂದೆ. "ಅಮ್ಮ ಅಡ್ಡ ಬಂದ್ರು. ಅವರ ಕೈ ಮುರಿದೆ. ಜನವರಿಯಿಂದ ಹೊಡೀತಿದೀನಿ. ನಿಮಗೆ ಹೇಳಿರ್ಲಿಲ್ಲ."

ನರ್ಸಮ್ಮನ ನಗು ಹೋಯಿತು. ಎದ್ದು ಬಾಗಿಲು ಹಾಕಿ ಬಂದಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು.

"ಅಗಸೆ ಬೀಜ ಬಿಸಿಗೆ ಕೊಟ್ಟೆ, ಬಿಸಿ ಇಳೀತು. ಇದು ಬೇರೆ. ಇದಕ್ಕೆ ನನ್ನ ಹತ್ರ ಬೀಜ ಇಲ್ಲ. ಮೇಲಿನ ಮಹಡಿಯಲ್ಲಿ ಒಬ್ರಿದ್ದಾರೆ, ಹೊಡೆಯೋರ ಜೊತೆ ಮಾತಾಡೋದೇ ಅವರ ಕೆಲಸ. ಈಗ್ಲೇ ಕರ್ಕೊಂಡು ಹೋಗ್ತೀನಿ. ಆದ್ರೆ ಮೊದ್ಲು ಹೇಳಿ, ಇವತ್ತು ಆ ಮಗು ಎಲ್ಲಿ ಮಲಗುತ್ತೆ?"

ನಾನು ಅಕ್ಕನ ಹೆಸರು ಹೇಳಿದೆ. ಅಲ್ಲಿಂದಲೇ ಫೋನು ಮಾಡಿಸಿದಳು. ಎಲ್ಲವನ್ನೂ ನಾನೇ ಅಕ್ಕನಿಗೆ ಹೇಳಬೇಕಾಯಿತು. ಅಕ್ಕ ಎಲ್ಲ ಕೇಳಿ, "ಒಂದು ಗಂಟೇಲಿ ಬರ್ತೀನಿ, ಅವಳ ಬಟ್ಟೆ ಮಡಚಿಡು" ಎಂದು ಇಟ್ಟಳು.

ಏಪ್ರಿಲ್ ೨೨, ಮಂಗಳವಾರ

ಮಗಳು ಹೋಗಿ ಒಂದು ವಾರ. ಅಮ್ಮನೂ ಅಕ್ಕನ ಮನೆಯಲ್ಲೇ ಇದ್ದಾಳೆ. ಹೋಗುವ ದಿನ ಮಗಳು ನನ್ನತ್ತ ತಿರುಗಲಿಲ್ಲ, ಚಪ್ಪಲಿ ಹಾಕಿಕೊಳ್ಳುತ್ತಾ ದೊಡ್ಡಮ್ಮನನ್ನು ಕೇಳಿದಳು, "ನಿಮ್ಮನೇಲಿ ಯಾರೂ ತಟ್ಟಲ್ವಾ?"

ಮಹಡಿಯ ಮೇಲಿನಾಕೆಯ ಹತ್ತಿರ ಮೂರು ಸಲ ಹೋದೆ. ಚಿಕ್ಕ ವಯಸ್ಸಿನವಳು, ಮದುವೆಯೂ ಆಗಿಲ್ಲ. ಇವಳೇನು ನನಗೆ ಹೇಳಿಕೊಡುವುದು ಎಂದು ಉರಿದುಕೊಂಡು ಕೂತಿದ್ದೆ. ಅವಳು ಕೇಳಿದ್ದು ಒಂದೇ, "ಮಾಲೀಕರ ಕುತ್ತಿಗೆ ಎದುರಿಗಿತ್ತು, ಮಚ್ಚು ಕೈಯಲ್ಲಿತ್ತು, ಬಿಸಿನೂ ಇತ್ತು. ಯಾಕೆ ಹೊಡೀಲಿಲ್ಲ?" ಒಂದು ಗಂಟೆ ಯಾವ್ಯಾವುದೋ ಉತ್ತರ ಕೊಟ್ಟೆ. ಮನೆಗೆ ಬಂದು ಅಮ್ಮನ ಮಾತು ನೆನಪಾಗಿ ಅತ್ತೆ.

ಅಮ್ಮನ ಕೈ ಕಟ್ಟಿದ ಡಾಕ್ಟರ ಹತ್ತಿರವೂ ಹೋಗಿ ನಿಜ ಹೇಳಿ ಬಂದೆ. ಅವರು ಬರೆದುಕೊಂಡರು. ಮುಂದೆ ಯಾರಾದರೂ ಮನೆಗೆ ವಿಚಾರಿಸಲು ಬರುತ್ತಾರಂತೆ. ಬರಲಿ.

ಮೇ ೫, ಸೋಮವಾರ

ಮಾಲೀಕರು ಮತ್ತೆ ಬಿಸಿಯಮ್ಮ ಎಂದರು. "ಆ ಹೆಸರಿಂದ ಕರೀಬೇಡಿ ಸಾರ್" ಎಂದೆ. ಅವರು ಮುಖ ಊದಿಸಿಕೊಂಡು ಒಳಗೆ ಹೋದರು. ಆಮೇಲೆ ಕರೆದದ್ದು "ಏನಮ್ಮಾ" ಎಂದು. ಬಾಯಿಂದ ಹೇಳಿದರೆ ಮುಗಿಯುವ ಕೆಲಸವಾಗಿತ್ತು ಇದು. ಉದ್ದಣ್ಣ ಇವತ್ತು ಪಕ್ಕೆಯನ್ನು ಪೂರ್ತಿ ಅಂಗೈಯಿಂದ ಹಿಡಿದ.

ಅಗಸೆ ಬೀಜ ಮುಗಿದಿತ್ತು, ತಂದೆ. ನಡಿಗೆ ಬಿಟ್ಟಿಲ್ಲ.

ಮಹಡಿಯ ಮೇಲಿನಾಕೆ ಒಂದು ಕ್ರಮ ಮಾಡಿದ್ದಾಳೆ. ಸಂಜೆ ಮಗಳು ಫೋನು ಮಾಡಿ, ಇವತ್ತು ಬರಲಾ ಎಂದು ಕೇಳುವುದು. ನಾನು ನಿಜ ಹೇಳುವುದು. ಬಾ ಎಂದರೆ ಅಕ್ಕನ ಜೊತೆ ಬರುತ್ತಾಳೆ, ಒಂದು ಗಂಟೆ ಕೂತು ಹೋಗುತ್ತಾಳೆ. ಎರಡು ಸಲ ಬಂದಿದ್ದಳು. ಬಾಗಿಲಿಗೆ ಹತ್ತಿರದ ಕುರ್ಚಿಯಲ್ಲೇ ಕೂತಳು. ಎರಡನೇ ಸಲ ಒಂದು ಬಿಸ್ಕತ್ತು ತಿಂದಳು.

ಮೇ ೨೦, ಮಂಗಳವಾರ

ಇವತ್ತು ಅವಳಿಗೆ ಹದಿನಾಲ್ಕು ತುಂಬಿತು.

ಒಂದು ವಾರದಿಂದ ಕಾದಿದ್ದೆ. ಮನೆ ಗುಡಿಸಿ ಒರೆಸಿ, ಅಲಮಾರಿಯ ತೂತಿಗೆ ಹಲಗೆ ಹೊಡೆಸಿ, ಕೇಕು ತಂದಿಟ್ಟಿದ್ದೆ. ಅವಳಿಗೆ ಇಷ್ಟವಾದ ನೀಲಿ ಬಣ್ಣದ ಅಂಗಿ ಕೊಂಡಿದ್ದೆ. ಇವತ್ತು ಮೊದಲ ಸಲ ಒಬ್ಬಳೇ ಬರುತ್ತೇನೆ ಎಂದು ಅಕ್ಕನ ಹತ್ತಿರ ಹಟ ಮಾಡಿ ಒಪ್ಪಿಸಿದ್ದಳಂತೆ. ಬಸ್ ನಿಲ್ದಾಣ ನಮ್ಮ ಕಿಟಕಿಯ ಎದುರಿಗೇ, ರಸ್ತೆಯ ಆಚೆ.

ಮಧ್ಯಾಹ್ನ, ಡಾಕ್ಟರ್ ಹೇಳಿದ್ದ ವಿಚಾರಣೆಗೆ ಒಬ್ಬರು ಬಂದರು. ಇವತ್ತೇ ಬರಬೇಕಿತ್ತೇ ಅವರು? ಮನೆಯೆಲ್ಲ ನೋಡಿದರು. ಕೇಕನ್ನೂ ನೋಡಿದರು. ಉಕ್ಕಿನ ಕೋಲು ಈಗ ಎಲ್ಲಿಡುತ್ತೀರಿ ಎಂದು ಕೇಳಿ ಬರೆದುಕೊಂಡರು. ಹೋಗುವಾಗ ಪಕ್ಕದ ಮನೆಯ ಬಾಗಿಲು ತಟ್ಟಿ, ಅವರನ್ನೂ ನನ್ನ ಬಗ್ಗೆ ಕೇಳಿದರು. ಗೋಡೆಯಾಚೆಯ ದನಿ ನನಗೆ ಕೇಳುತ್ತಿತ್ತು. "ಆ ಹುಡುಗಿ ಯಾರಿಗೋ ಹೇಳಿರ್ಬೇಕು" ಎಂದಳು ಪಕ್ಕದ ಮನೆಯಾಕೆ.

ಮೈ ತಣ್ಣಗಾಯಿತು. ಬೆವರಿಲ್ಲ, ಉರಿಯಿಲ್ಲ. ಮಾನ ತೆಗೆದಳು ಎಂಬ ಅದೇ ಮಾತು, ಅದೇ ದನಿಯಲ್ಲಿ, ತಲೆಯೊಳಗೆ. ಮುಖ ತೊಳೆದೆ. ಹೋಗಲಿಲ್ಲ. ಉಸಿರು ಎಣಿಸಿದೆ. ಹೋಗಲಿಲ್ಲ. ಕೇಕಿನ ಮುಂದೆ ಕೂತೆ, ನನ್ನ ಹಲ್ಲು ಕಚ್ಚಿಕೊಂಡೇ ಇತ್ತು.

ನಾಲ್ಕೂವರೆಗೆ ಫೋನು. ಕಿಟಕಿಯಿಂದ ಕಾಣುತ್ತಿದ್ದಳು, ನಿಲ್ದಾಣದಲ್ಲಿ ಆಗಷ್ಟೇ ಇಳಿದು ನಿಂತಿದ್ದಳು, ಎರಡು ಜಡೆ, ಬೆನ್ನಿಗೆ ಚೀಲ.

"ಅಮ್ಮಾ, ಬಂದ್ಬಿಟ್ಟೆ. ಮೇಲೆ ಬರ್ಲಾ?"

ಬಾ ಎನ್ನುವುದಕ್ಕೆ ಎಷ್ಟು ಹೊತ್ತು. ಹುಟ್ಟಿದ ದಿನ, ಮಗು ಬಾಗಿಲಿಗೆ ಬಂದಿದೆ, ಯಾವ ತಾಯಿ ಬೇಡ ಎನ್ನುತ್ತಾಳೆ. ಒಂದು ಗಂಟೆ ತಡೆದುಕೊಂಡರೆ ಆಯಿತು, ತಡೆದುಕೊಳ್ಳುತ್ತೇನೆ ಎಂದುಕೊಂಡೆ. ತಡೆದುಕೊಳ್ಳುತ್ತೇನೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು.

"ಬೇಡ ಪುಟ್ಟಿ" ಎಂದೆ. "ಇವತ್ತು ಬೇಡ."

ಅವಳು ತಲೆ ಎತ್ತಿ ಕಿಟಕಿಯನ್ನೇ ನೋಡಿದಳು.

"ಬಿಸಿನಾ?"

"ಅಲ್ಲ. ನಾನೇ. ಇವತ್ತು ನಾನು ಸರಿ ಇಲ್ಲ. ನಿನ್ನ ತಪ್ಪೇನಿಲ್ಲ. ಕೇಕು ತಂದಿದ್ದೆ, ದೊಡ್ಡಮ್ಮನ ಮನೆಗೆ ಕಳಿಸ್ತೀನಿ. ಈಗ ವಾಪಸ್ ಬಸ್ ಹತ್ತು."

ಬಹಳ ಹೊತ್ತು ಬರೀ ವಾಹನಗಳ ಸದ್ದು. ಇಟ್ಟುಬಿಟ್ಟಳು ಎಂದುಕೊಂಡೆ. ಅಳು ಒತ್ತಿ ಬಂತು, ಬಾಯಿ ಮುಚ್ಚಿಕೊಂಡೆ.

"ಸರಿ" ಎಂದಳು. "ಮೇಲೆ ಬರಲ್ಲ. ಇಲ್ಲೇ ಬೆಂಚ್ ಮೇಲೆ ಕೂತಿರ್ತೀನಿ. ಫೋನ್ ಇಡ್ಬೇಡ."

ಕೂತಳು. ಚೀಲ ತೊಡೆ ಮೇಲಿಟ್ಟುಕೊಂಡು ಮಾತಾಡತೊಡಗಿದಳು. ಲೆಕ್ಕದಲ್ಲಿ ಎಷ್ಟು ಬಂತು, ಅಜ್ಜಿ ಎಡಗೈಯಲ್ಲಿ ಊಟ ಮಾಡಲು ಹೋಗಿ ಹೇಗೆ ಮೂಗಿಗೆ ಮೆತ್ತಿಕೊಂಡಳು, ದೊಡ್ಡಮ್ಮನ ಗೊರಕೆ ಎಂಥದ್ದು. ನಾನು ಕಿಟಕಿಯ ಹತ್ತಿರ ನಿಂತು ಹೂಂ ಹೂಂ ಎನ್ನುತ್ತಿದ್ದೆ. ಬಸ್ಸು ಬಂತು, ಹೋಗು ಎಂದೆ. ಮುಂದಿನದಕ್ಕೆ ಹೋಗ್ತೀನಿ ಎಂದಳು.

ಮೂರು ಬಸ್ಸು ಬಿಟ್ಟಳು.